ಇಪ್ಪತ್ತಕ್ಕೆ ನಿಂತ ಪಟ್ಟಿ

ಕಾಕಾ,

ಕ್ಷೇಮವೇ ಎಂದು ಕೇಳಿ ಶುರುಮಾಡುವ ಹಾಗಿಲ್ಲ. ನಿಮಗೆ ಮಣ್ಣು ಕೊಟ್ಟು ಒಂದು ಹಂಗಾಮು ಕಳೆದು ಇನ್ನೊಂದು ಬಂತು. ಸುತ್ತುಬಳಸಿ ಮಾತಾಡುವುದು ನನಗೆ ಮೊದಲಿಂದಲೂ ಬರುವುದಿಲ್ಲ, ಆದ್ದರಿಂದ ನೇರ ಹೇಳಿಬಿಡುತ್ತೇನೆ. ಆ ವಾರದ ಪಟ್ಟಿಯಲ್ಲಿ ಇಪ್ಪತ್ತು ಹೆಸರಿರಲಿಲ್ಲ. ಇಪ್ಪತ್ತಾರಿದ್ದವು. ಘಾಟಬೋರಾಳದ ಮಾಣಿಕಪ್ಪನದು ಇಪ್ಪತ್ತಮೂರನೆಯದು. ಅವನು ಬಾಗಿಲು ಒದ್ದು ಒಳಗೆ ನುಗ್ಗಿ, ಕಬ್ಬು ಕಡಿಯುವ ಕೊಯ್ತಾ ನಿಮ್ಮ ಮೇಲೆ ಬೀಸಿದನಲ್ಲ, ಆ ಹೊತ್ತಿಗೂ ಅವನ ಹೆಸರು ನಿಮ್ಮ ಎದುರಿನ ಕಂಪ್ಯೂಟರಿನಲ್ಲೇ ಇತ್ತು. ನಿಮಗೆ ಕಾಣುತ್ತಿದ್ದ ಕೊನೆಯ ಸಾಲಿನಿಂದ ಮೂರೇ ಸಾಲು ಕೆಳಗೆ. ಅದು ನಿಮಗೆ ಕಾಣದಂತೆ ಮಾಡಿದವಳು ನಾನು.

ಅಪ್ಪ ತೀರಿಹೋದ ವರ್ಷ ನೀವು ನನ್ನನ್ನು ಸೈಕಲ್ಲಿನ ಮುಂದೆ ಕೂಡಿಸಿಕೊಂಡು ಮೋರಖಂಡಿಯಿಂದ ಬೆಲ್ಲದ ಫ್ಯಾಕ್ಟರಿಗೆ ಕರೆದೊಯ್ಯುತ್ತಿದ್ದಿರಿ, ನೆನಪಿದೆಯೇ? ಹುಮನಾಬಾದ್ ರಸ್ತೆಗೆ ಮುಖಮಾಡಿದ ಆ ಸಣ್ಣ ಕೋಣೆ, ಸರಳಿನ ಕಿಟಕಿ, ಹೊರಗೆ ಧೂಳಿನಲ್ಲಿ ನಿಂತ ರೈತರು. ಯಾರ ಕಬ್ಬು ಯಾವ ದಿನ ಕಡಿಯಬೇಕು, ಯಾರ ಗಾಡಿ ಯಾವ ದಿನ ಗೇಟಿನ ಒಳಗೆ ಬರಬೇಕು, ಎಲ್ಲ ನೀವು ಕೊಡುವ ಪಾಳಿ ಚೀಟಿಯ ಮೇಲೆ. ಅದಕ್ಕೇ ಸುತ್ತಲಿನ ಊರಿಗೆಲ್ಲ ನೀವು ಪಾಳಿ ಕಾಕಾ. ಕೆಂಪು ಬಟ್ಟೆ ಹೊದಿಸಿದ ದಪ್ಪ ವಹಿ ತೆಗೆದು, ಹೆಬ್ಬೆರಳು ನಾಲಿಗೆಗೆ ಮುಟ್ಟಿಸಿ ಹಾಳೆ ತಿರುವಿ, ಊರು ಮೊದಲು ಹೆಸರು ಆಮೇಲೆ ಎಂದು ಗಟ್ಟಿಯಾಗಿ ಓದುತ್ತಿದ್ದಿರಿ. ಗಾಡಿ ಒಳಗೆ ಬಂದವರ ಹೆಸರಿನ ಮೇಲೆ ಒಂದು ಗೆರೆ. ಒಮ್ಮೆ ನಾನು ರಬ್ಬರು ತೆಗೆದುಕೊಂಡು ಸಹಾಯಕ್ಕೆ ಬಂದಾಗ ಕೈ ಹಿಡಿದುಕೊಂಡಿರಿ. "ಹೆಸರು ಅಳಸಬಾರದವ್ವಾ. ಗೆರಿ ಹೊಡೀಬೇಕು ಅಷ್ಟೇ. ಅಳಸಿದ್ರ ಆ ಮನಷ್ಯಾ ಬಂದೇ ಇಲ್ಲ ಅಂದಂಗ ಆಗ್ತದ." ಆ ಮಾತಿಗಾಗಿಯೇ ಮುಂದೆ ನಾನು ನಿಮಗೆ ಬರೆದುಕೊಟ್ಟ ಕಂಪ್ಯೂಟರ್ ಪ್ರೋಗ್ರಾಮಿನಲ್ಲೂ ಮುಗಿದ ಹೆಸರುಗಳನ್ನು ತೆಗೆಯದೆ ಗೆರೆ ಹೊಡೆದು ಹಾಗೇ ಬಿಟ್ಟೆ. ತೆಗೆದಿದ್ದರೆ ಕೆಳಗಿನವು ತಾವಾಗಿ ಮೇಲೆ ಬರುತ್ತಿದ್ದವೋ ಏನೋ. ಒಳ್ಳೆಯ ಮಾತೂ ಒಮ್ಮೊಮ್ಮೆ ಕೊರಳಿಗೆ ಸುತ್ತಿಕೊಳ್ಳುತ್ತದೆ, ನೋಡಿ.

ಬೇಮಳಖೇಡದ ಇಬ್ಬರು ನಿಮ್ಮ ಕಿಟಕಿಯಲ್ಲೇ ಹೊಡೆದಾಡಿದ್ದು ನೆನಪಿಗೆ ಬರುತ್ತಿದೆ. ನಾನು ಮುಂದೆ, ನೀನು ಹಿಂದೆ ಎಂದು ಶುರುವಾಗಿ, ಒಬ್ಬನ ಹಲ್ಲು ಬಿದ್ದು, ಬಿಡಿಸಲು ಹೋದ ನಿಮ್ಮ ತುಟಿ ಒಡೆದು, ವಹಿಯ ನಾಲ್ಕು ಹಾಳೆ ಹರಿದವು. ಸುದ್ದಿ ಕೇಳಿ ನಾನು ಬಸವಕಲ್ಯಾಣದ ನನ್ನ ಕಂಪ್ಯೂಟರ್ ಅಂಗಡಿಗೆ ಬೀಗ ಹಾಕಿ ಓಡಿಬಂದೆ. ನೀವು ಒಂದು ಕೈಯಲ್ಲಿ ತುಟಿಗೆ ಬಟ್ಟೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಹಾಳೆಗಳನ್ನು ಅಂಟಿಸುತ್ತಿದ್ದಿರಿ. ನನಗೆ ತಲೆ ಕೆಟ್ಟಿತು. "ಈ ವಹಿ ಬಾವ್ಯಾಗ ಒಗೀರಿ ಕಾಕಾ! ಕಂಪ್ಯೂಟರದಾಗ ಹಾಕಿಕೊಡ್ತೀನಿ, ಯಾವ ನನ್ಮಗ ಹರೀತಾನೋ ನೋಡೋಣು" ಎಂದೆ. ನೀವು ನಕ್ಕಿರಿ, ತುಟಿ ನೋಯಿತೆಂದು ತಕ್ಷಣ ನಿಲ್ಲಿಸಿದಿರಿ. "ಕೈಯಾಗ ಹಿಡದದ್ದು ನಂಬಿಗಿ ಅವ್ವಾ" ಎಂದಿರಿ. ನಾನು ಕೇಳುವವಳೇ? ಹೊಸ ಹಂಗಾಮಿಗೆ ಪ್ರೋಗ್ರಾಂ ಹಾಕಿಕೊಟ್ಟ ದಿನ ವಹಿಯನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ನನ್ನ ಅಂಗಡಿಯ ಕೀಲಿಗೊಂಚಲಿಗೇ ಸೇರಿಸಿಕೊಂಡೆ. ಮತ್ತೆ ಅದನ್ನು ತೆಗೆಯಬಾರದೆಂದು. ಆ ಕೀಲಿ ಈಗಲೂ ಅಲ್ಲೇ ಇದೆ.

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಕೂತು ಆ ಪ್ರೋಗ್ರಾಂ ಬರೆದೆ. ಯಾರ ಕಬ್ಬು ಬಲಿತಿದೆ ಎಂದು ಹೊಲ ಸುತ್ತಿ ನೋಡುವ ಫ್ಯಾಕ್ಟರಿಯವನು ಪೆನ್ ಡ್ರೈವಿನಲ್ಲಿ ವಾರದ ಪಟ್ಟಿ ತಂದುಕೊಡಬೇಕು, ನೀವು ಒಂದು ಗುಂಡಿ ಒತ್ತಬೇಕು, ಹೆಸರುಗಳೆಲ್ಲ ಒಂದು ಚೌಕಟ್ಟಿನಲ್ಲಿ ಸಾಲಾಗಿ ಬಂದು ನಿಲ್ಲಬೇಕು. ನಿಮ್ಮ ಕಣ್ಣಿಗೆ ತ್ರಾಸಾಗಬಾರದೆಂದು ಅಕ್ಷರ ದೊಡ್ಡದಿಟ್ಟೆ. ಹಾಗಾಗಿ ಒಮ್ಮೆಗೆ ಇಪ್ಪತ್ತೇ ಸಾಲು ಹಿಡಿಸಿದವು. ಹೆಚ್ಚಿಗೆ ಇದ್ದರೆ ಕೆಳಗೆ ಸರಿಸಿ ನೋಡಲಿ ಎಂದು ಬಲಗಡೆ ಒಂದು ಸ್ಕ್ರಾಲ್ ಬಾರ್ ನಿಲ್ಲಿಸಿದೆ. ಕಾಕಾ, ಈ ಬಾರು ಮತ್ತು ಪಟ್ಟಿ ನೋಡಲು ಅಕ್ಕಪಕ್ಕ ಇರುತ್ತವೆ, ಆದರೆ ಒಂದಕ್ಕೊಂದು ಗುರುತಿರುವುದಿಲ್ಲ. ನಾವೇ ಗುರುತು ಮಾಡಿಸಬೇಕು, ಅದೂ ಎರಡು ಸಲ. ಪಟ್ಟಿ ಸರಿದರೆ ಬಾರಿಗೆ ತಿಳಿಸು ಎಂದು ಒಂದು ಸಾಲು ಬರೆಯಬೇಕು. ಬಾರನ್ನು ಎಳೆದರೆ ಪಟ್ಟಿಗೆ ತಿಳಿಸು ಎಂದು ಇನ್ನೊಂದು ಸಾಲು. ನಾನು ಮೊದಲನೆಯದನ್ನು ಬರೆದೆ. ಎರಡನೆಯದನ್ನು ಬರೆಯಲಿಲ್ಲ. ಯಾಕೆ ಬರೆಯಲಿಲ್ಲ? ಗಿರಾಕಿ ಬಂದನೋ, ಕರೆಂಟು ಹೋಯಿತೋ, ನೆನಪೇ ಇಲ್ಲ. ನೆನಪಿದ್ದಿದ್ದರೆ ಆ ಗಿರಾಕಿಯನ್ನಾದರೂ ಹಿಡಿದು ಬೈಯುತ್ತಿದ್ದೆ.

ನನ್ನ ಮೌಸಿನ ಗಾಲಿ ತಿರುಗಿಸಿ ಪರೀಕ್ಷೆ ಮಾಡಿದೆ. ಗಾಲಿ ಪಟ್ಟಿಯನ್ನೇ ನೇರ ಸರಿಸುತ್ತದೆ, ಪಟ್ಟಿ ಬಾರಿಗೆ ತಿಳಿಸುತ್ತದೆ, ಬಾರು ಕೂಡ ಕೆಳಗಿಳಿಯುತ್ತದೆ. ಎಷ್ಟು ಚಂದ ಕಾಣಿಸಿತು ಗೊತ್ತೇ? ಎಲ್ಲ ಬರಾಬರ್ ಇದೆ ಎಂದುಕೊಂಡೆ. ನಿಮ್ಮ ಮೌಸಿನ ಗಾಲಿ ಬೆಲ್ಲದ ಜಿಗುಟು ಹತ್ತಿ ಎಂದೋ ಕಚ್ಚಿಕೊಂಡು ನಿಂತಿತ್ತು. ಅದನ್ನು ನಾನು ತಿರುಗಿಸಿ ನೋಡಲಿಲ್ಲ. ನಿಮ್ಮ ಕೋಣೆಗೆ ಬಂದು ನಾಲ್ಕು ಸುಳ್ಳು ಹೆಸರು ಹಾಕಿ ತೋರಿಸಿ, ಚಹಾ ಕುಡಿದು ಹೊರಟುಬಿಟ್ಟೆ. ಮೊದಲ ವಾರಗಳಲ್ಲಿ ಹದಿನಾಲ್ಕು, ಹದಿನಾರು ಹೆಸರು, ಏನೂ ಗೊತ್ತಾಗಲಿಲ್ಲ. ಬೆಲ್ಲ ಕಾಯಿಸುವ ಎರಡನೇ ಕೊಪ್ಪರಿಗೆಗೂ ಬೆಂಕಿ ಹಾಕಿದ ವಾರ ಪಟ್ಟಿ ಇಪ್ಪತ್ತಾರಕ್ಕೆ ಏರಿತು.

ಆ ಸೋಮವಾರ ನೀವು ಫೋನ್ ಮಾಡಿದಿರಿ. ಅಂಗಡಿಯಲ್ಲಿ ಅರ್ಜಿ ತುಂಬುವವರ ಗದ್ದಲ, ಪ್ರಿಂಟರು ಕಾಗದ ನುಂಗಿ ಕೂತಿತ್ತು, ನನ್ನ ಸಿಟ್ಟು ನೆತ್ತಿಯಲ್ಲಿತ್ತು.

"ಅವ್ವಾ, ಪಟ್ಟಿ ಇಪ್ಪತ್ತಕ್ಕ ನಿಂತದ ನೋಡು. ಮುಂದ ಹೋಗವಲ್ದು."

"ಬಾಜೂಕ ಉದ್ದನ ಬಾರ್ ಅದ ಅಲ್ರಿ, ಅದನ್ನ ಹಿಡದು ಕೆಳಗ ಎಳೀರಿ."

"ಎಳದೆನವ್ವಾ. ಅಲುಗಾಡವಲ್ದು."

"ಹಂಗಂದ್ರ ಅಷ್ಟೇ ಹೆಸರು ಅದಾವ! ಇದ್ರ ಹೋಗ್ತದ, ಇಲ್ದಿದ್ರ ಹೋಗಂಗಿಲ್ಲ. ಇಷ್ಟೂ ತಿಳೀಲಿಲ್ಲಂದ್ರ ಹ್ಯಾಂಗ ಕಾಕಾ? ದಿನಾ ನಿಮಗ ಅಂಗನವಾಡಿ ನಡಸಲೇನು?"

ನೀವು "ಆತು ಬಿಡವ್ವಾ, ನೀ ಕೆಲಸ ಮಾಡು" ಎಂದಿರಿ. ಇದ್ದರೆ ಹೋಗುತ್ತದೆ, ಇಲ್ಲದಿದ್ದರೆ ಹೋಗುವುದಿಲ್ಲ. ನನ್ನ ಬಾಯಿಗೆ ಬೆಂಕಿ ಬೀಳಲಿ! ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೀಬೋರ್ಡಿನ ಕೆಳಮುಖದ ಬಾಣ ಒತ್ತಿರಿ ಎಂದಿದ್ದರೆ... ಅದು ಒತ್ತಿದರೂ ಪಟ್ಟಿ ಇಳಿಯುತ್ತಿತ್ತು. ಆಡಿದ ಮಾತು, ಒಡೆದ ಮುತ್ತು ಎನ್ನುತ್ತಾರಲ್ಲ, ಅದು ಸುಳ್ಳು. ಮುತ್ತು ಒಡೆದರೆ ಯಾರೂ ಸಾಯುವುದಿಲ್ಲ.

ಈ ವಾರ ತನ್ನ ಪಾಳಿ ಬರಬೇಕೆಂದು ಲೆಕ್ಕ ಹಾಕಿ ಮಾಣಿಕಪ್ಪ ಅದೇ ಸೋಮವಾರ ನಿಮ್ಮ ಕಿಟಕಿಗೆ ಬಂದ. ನೀವು ಇಪ್ಪತ್ತೂ ಹೆಸರು ಓದಿ, ನಿನ್ನದಿಲ್ಲ ಎಂದಿರಿ. ಮಂಗಳವಾರ ಮತ್ತೆ ಬಂದ, ಮತ್ತೆ ಇಲ್ಲ ಎಂದಿರಿ. ಕೆಳಗಿದ್ದ ಉಳಿದ ಐವರಿಗೆ ಅವಸರವಿರಲಿಲ್ಲ, ಮನೆಯಲ್ಲಿದ್ದರು. ಇವನಿಗಿತ್ತು. ಕಬ್ಬು ಕಡಿಯಲು ಗಡಿಯಾಚೆಯ ಬೀಡ ಜಿಲ್ಲೆಯಿಂದ ಬಂದ ಕೂಲಿಯವರ ಟೋಳಿ ಅವನ ಹೊಲದ ಅಂಚಿನಲ್ಲೇ ಗುಡಿಸಲು ಹಾಕಿತ್ತು. ಎರಡು ದಿನದಲ್ಲಿ ಪಾಳಿ ಸಿಗದಿದ್ದರೆ ಬೇರೆ ಊರಿಗೆ ಹೋಗುತ್ತೇವೆ ಎಂದಿದ್ದರು. ಟೋಳಿ ಹೋದರೆ ಕಬ್ಬು ನಿಂತಲ್ಲೇ ಒಣಗಬೇಕು. ಆಗ ಅವನು ನಮ್ಮ ಕಡೆಯ ಕಬ್ಬಿನವರಿಗಷ್ಟೇ ಹೊಳೆಯುವ ಕೆಲಸ ಮಾಡಿದ. ಬುಧವಾರ ಮಧ್ಯಾಹ್ನ ತನ್ನ ಹೊಲಕ್ಕೆ ತಾನೇ ಬೆಂಕಿ ಹಚ್ಚಿದ. ಸುಟ್ಟ ಕಬ್ಬಿಗೆ ಪಾಳಿ ಬೇಕಿಲ್ಲ ಎನ್ನುತ್ತಾರಲ್ಲ, ಸುಟ್ಟದ್ದನ್ನು ತಡಮಾಡಿದರೆ ರಸ ಕೆಡುತ್ತದೆಂದು ಎಲ್ಲರಿಗಿಂತ ಮೊದಲು ಅದನ್ನೇ ಅರೆಯುತ್ತಾರಲ್ಲ, ಆ ಮಾತನ್ನು ನಂಬಿ.

ನಾನು ಆ ಬೆಂಕಿ ನೋಡಲಿಲ್ಲ, ಆದರೆ ಕೇಳಿ ಕೇಳಿ ಈಗ ನೋಡಿದವಳೇ ಆಗಿದ್ದೇನೆ. ಗಾಳಿ ತಿರುಗಿತಂತೆ. ಕಬ್ಬಿನ ಗಣಿಕೆಗಳು ಪಟಪಟ ಸಿಡಿಯುತ್ತಿದ್ದವಂತೆ. ಕಬ್ಬಿನೊಳಗೆ ಅಡಗಿದ್ದ ಕಾಡುಹಂದಿಗಳು ಮೈಗೆ ಬೆಂಕಿ ಹತ್ತಿಸಿಕೊಂಡು ಕಿರುಚುತ್ತ ಹೊರಬಂದು ಟೋಳಿಯ ಗುಡಿಸಲುಗಳ ನಡುವೆಯೇ ನುಗ್ಗಿದವಂತೆ. ಬದುವಿನ ಆಚೆ ಕಟ್ಟಿದ್ದ ಪಕ್ಕದವರ ಎತ್ತು ಹಗ್ಗ ಹರಿಯಲಾಗದೆ ನಿಂತಲ್ಲೇ ಬೆಂದಿತು. ಅದರ ಹಗ್ಗ ಬಿಚ್ಚಲು ಹೋಗಿ ಮಾಣಿಕಪ್ಪನ ಎರಡೂ ಅಂಗೈ ಸುಟ್ಟವು. ಆ ಕೈಯಲ್ಲೇ ಸಂಜೆತನಕ ಕಬ್ಬು ಕಡಿದ. ಗುರುವಾರ ಬೆಳಿಗ್ಗೆ ಕರಿ ಕಬ್ಬಿನ ಗಾಡಿ ತುಂಬಿಕೊಂಡು, ಮಸಿ ಹತ್ತಿದ ಮುಖದಲ್ಲೇ ಫ್ಯಾಕ್ಟರಿ ಗೇಟಿಗೆ ಬಂದು ನಿಂತ.

ಗೇಟಿನವರು ಬಿಡಲಿಲ್ಲ. ಬೇಕಂತಲೇ ಸುಟ್ಟು ತರುವವರು ಹೆಚ್ಚಾದರೆಂದು ಮಾಲೀಕರು ಆ ಹಂಗಾಮಿಗೆ ಹೊಸ ಕಾಯಿದೆ ಮಾಡಿದ್ದರು. ಸುಟ್ಟದ್ದಾದರೂ ವಾರದ ಪಟ್ಟಿಯಲ್ಲಿ ಹೆಸರಿರಬೇಕು. ಅವನು ನಿಮ್ಮ ಕಿಟಕಿಗೆ ಬಂದು ಸರಳು ಹಿಡಿದು ಅಳ್ಳಾಡಿಸಿದ. ಆಮೇಲೆ ಏನಾಯಿತೆಂದು ನಿಮಗೇ ಗೊತ್ತು, ನಾನು ಬರೆಯಬೇಕೇ? ಬರೆಯುತ್ತೇನೆ. ಬಾಗಿಲು ಒದ್ದ. ಮೊದಲನೇ ಏಟು ಕಂಪ್ಯೂಟರಿಗೆ ಬಿತ್ತು, ಪರದೆ ಎರಡಾಯಿತು. ಎರಡನೆಯದನ್ನು ತಡೆಯಲು ನೀವು ಕೈ ಎತ್ತಿದಿರಿ. ಮೂರನೆಯದು ಕೊರಳಿಗೆ. ಹುಮನಾಬಾದಿನ ಆಸ್ಪತ್ರೆಗೆ ನಾನು ಬಂದು ಮುಟ್ಟಿದಾಗ ನಿಮ್ಮ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಹೆಬ್ಬೆರಳು ಮಾತ್ರ ಹೊರಗಿತ್ತು. ವಹಿಯ ಹಾಳೆ ತಿರುವುತ್ತಿದ್ದ ಅದೇ ಹೆಬ್ಬೆರಳು, ಉಗುರಿನ ತನಕ ಸೀಳಿತ್ತು. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತೆ.

ನಿಮಗೆ ಮಣ್ಣು ಕೊಟ್ಟ ಮೂರನೇ ದಿನ ನಿಮ್ಮ ಮಗ ಶಿವು ಎರಡು ಜೀಪಿನಲ್ಲಿ ಮಂದಿ ತುಂಬಿಕೊಂಡು ಘಾಟಬೋರಾಳಕ್ಕೆ ಹೊರಟ. ಮಾಣಿಕಪ್ಪನನ್ನು ಅಷ್ಟರಲ್ಲಿ ಪೊಲೀಸರು ಒಯ್ದಿದ್ದರು. ನಾನೂ ಜೀಪು ಹತ್ತಿದೆ. ನನ್ನನ್ನು ಯಾರೂ ಕರೆದಿರಲಿಲ್ಲ ಕಾಕಾ, ನಾನೇ ಹತ್ತಿದೆ. ಶಿವು ಅವರ ಬಾಗಿಲು ಕಿತ್ತು ಅಂಗಳಕ್ಕೆ ಎಸೆದ. ಕೊಡ, ಹಂಡೆ, ಜೋಳ ತುಂಬಿಡುವ ಗುಮ್ಮಿ ಎಲ್ಲ ಒಡೆದರು. ಮಾಣಿಕಪ್ಪನ ಹೆಂಡತಿ ಕಾಶೀಬಾಯಿ ಗೋಡೆಗೆ ಒರಗಿ ನಿಂತಿದ್ದಳು, ಓಡಲಿಲ್ಲ. "ಹೆಸರ್ಯಾಕ ತಗದ್ರಿ? ನಮ್ಮ ಹೆಸರು ಯಾಕ ತಗದ್ರಿ ಅಷ್ಟ ಹೇಳ್ರಿ" ಎಂದು ಒಂದೇ ಸಮನೆ ಕೇಳುತ್ತಿದ್ದಳು. "ಇದ್ರ ತಾನೇ ತಗಿಯೂದು! ಹೆಸರ ಇರಲಿಲ್ಲ ನಿಮ್ದು!" ಎಂದು ಚೀರಿ ನಾನು ಅವಳ ಕೆನ್ನೆಗೆ ಬಾರಿಸಿದೆ. ಕೈ ಬಳೆ ಒಡೆದು ಅವಳ ಕಿವಿಯ ಹತ್ತಿರ ರಕ್ತ ಬಂತು. ಅವಳು ಕೈ ಎತ್ತಲಿಲ್ಲ. ನನಗೆ ಆಗ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದು ಹೊಟ್ಟೆತುಂಬ ಉಂಡೆ.

ಐದನೇ ದಿನ ಅಂಗಡಿ ತೆರೆದೆ. ವಾರದ ಫೈಲಿನ ನಕಲು ನನ್ನಲ್ಲಿಗೂ ಬರುತ್ತಿತ್ತಲ್ಲ, ಅದನ್ನು ತೆರೆದು ಪ್ರಿಂಟು ತೆಗೆದು, ಮಾಣಿಕಪ್ಪನ ಹೆಸರು ಇರಲೇ ಇಲ್ಲವೆಂದು ಪೊಲೀಸರ ಮುಖಕ್ಕೆ ಹಿಡಿಯಬೇಕೆಂದಿದ್ದೆ. ಮೌಸಿನ ಗಾಲಿ ತಿರುಗಿಸಿದೆ. ಹೆಸರುಗಳು ಮೇಲೆ ಸರಿದವು. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ತಮೂರು, ಘಾಟಬೋರಾಳ, ಮಾಣಿಕಪ್ಪ. ಪಟ್ಟಿಯನ್ನು ಮತ್ತೆ ಮೇಲಕ್ಕೆ ತಂದು, ಈ ಸಲ ನಿಮ್ಮ ಹಾಗೆ ಬಾರನ್ನು ಹಿಡಿದು ಎಳೆದೆ. ಅಲುಗಾಡಲಿಲ್ಲ. ಮತ್ತೆ ಎಳೆದೆ. "ಎಳದೆನವ್ವಾ, ಅಲುಗಾಡವಲ್ದು" ಎಂದು ನಿಮ್ಮ ದನಿಯೇ ಕೇಳಿಸಿತು. ಮೌಸನ್ನು ಗೋಡೆಗೆ ಬೀಸಿ ಒಗೆದೆ, ಕುರ್ಚಿ ಎತ್ತಿ ಕಂಪ್ಯೂಟರಿನ ಮೇಲೆ ಹಾಕಿದೆ, ಗಾಜಿನಲ್ಲಿ ಕೈ ಹೋಗಿ ಆರು ಹೊಲಿಗೆ ಬಿದ್ದವು. ಕಳ್ಳರು ಬಂದಿದ್ದರೆಂದು ಪಕ್ಕದ ಅಂಗಡಿಯವರಿಗೆ ಹೇಳಿದೆ. ಆದರೆ ಫೈಲನ್ನೂ ಪ್ರೋಗ್ರಾಮನ್ನೂ ಮೊದಲೇ ಪೆನ್ ಡ್ರೈವಿಗೆ ಹಾಕಿಕೊಂಡಿದ್ದೆ. ಅಷ್ಟು ಬುದ್ಧಿ ಆಗಲೂ ಇತ್ತು.

ಎಂಟು ತಿಂಗಳು ಬಾಯಿ ಬಿಡಲಿಲ್ಲ. ಆ ಎಂಟು ತಿಂಗಳಲ್ಲಿ ಮಂದಿ ನಿಮ್ಮನ್ನು ಇನ್ನೊಂದು ಸಲ ಕೊಂದರು. ಮೋರಖಂಡಿಯವನು ಮೋರಖಂಡಿಯವರ ಹೆಸರೆಲ್ಲ ಮೇಲಿಟ್ಟು ಘಾಟಬೋರಾಳದವರನ್ನು ಕಿತ್ತುಹಾಕಿದ ಎಂದರು. ಹುಮನಾಬಾದಿನ ಸಂತೆಯಲ್ಲಿ ಒಬ್ಬ ನನ್ನ ಎದುರೇ, "ಪಾಳಿ ಕಾಕಾನ ಕೊಂದದ್ದು ಗಲತ್ ಖರೆ, ಆದ್ರ ಅವನೂ ಏನ ಕಡಿಮಿ ಇರಲಿಲ್ಲ" ಎಂದ. ಅವನ ಕೊರಳಪಟ್ಟಿ ಹಿಡಿದು ಬದನೆಕಾಯಿ ರಾಶಿಯ ಮೇಲೆ ಕೆಡವಿದೆ. ನಾಲ್ಕು ಮಂದಿ ಬಿಡಿಸಬೇಕಾಯಿತು. ಆದರೂ ಹೇಳಲಿಲ್ಲ, ನೋಡಿ. ಹೊಡೆಯಲು ಕೈ ಬರುತ್ತಿತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ. ನಿಮ್ಮ ಮೇಲೂ ಸಿಟ್ಟು ಬರುತ್ತಿತ್ತು ಕಾಕಾ. ಇನ್ನೊಮ್ಮೆ ಫೋನ್ ಮಾಡಲು ನಿಮಗೇನು ಧಾಡಿಯಾಗಿತ್ತು? ಟ್ರಂಕಿನ ಬೀಗ ಒಡೆದು ವಹಿ ತೆಗೆಯಬಾರದಿತ್ತೇ? ನನ್ನ ಬಾಯಿಗೆ ಹೆದರಿದಿರಾ? ಕೊಯ್ತಾ ಹಿಡಿದವನಿಗೆ ಹೆದರದವರು ನನಗೆ...

ಕೋರ್ಟಿನಿಂದ ಕರೆ ಬಂತು. ಪ್ರೋಗ್ರಾಂ ಮಾಡಿದವಳೆಂದು ನನಗೂ ಸಾಕ್ಷಿ ಹೇಳುವ ಸರದಿ. ಹಿಂದಿನ ದಿನ ಮೋರಖಂಡಿಗೆ ಹೋಗಿ ನಿಮ್ಮ ಮನೆಯಾಕೆ ಕಾಕು ಮತ್ತು ಶಿವು ಇಬ್ಬರನ್ನೂ ಪಡಸಾಲೆಯಲ್ಲಿ ಕೂಡಿಸಿ ಎಲ್ಲ ಹೇಳಿದೆ. ಮಾತು ಮುಗಿಯುವ ಮೊದಲೇ ಶಿವು ಕದದ ಅಗಳಿ ತೆಗೆದು ನನ್ನ ಹೆಗಲಿಗೆ ಹಾಕಿದ. ಎರಡನೇ ಏಟಿಗೆ ಕಾಕು ನಡುವೆ ಬಂದಳು. "ನಾಳಿಗಿ ಕೋರ್ಟಿನ್ಯಾಗ ಇದನ್ನ ಹೇಳಿದ್ರ ಅವಗ ಶಿಕ್ಷಾ ಕಡಿಮಿ ಆಗ್ತದ! ನಮ್ಮಪ್ಪನ ಕೊಂದವಗ!" ಎಂದು ಅವನು ಗೋಡೆಗೆ ತಲೆ ಜಜ್ಜಿಕೊಂಡ. ಕಾಕು ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

"ಹೇಳು" ಎಂದಳು. "ನನ್ನ ಗಂಡನ ಹೆಸರು ಮೋಸಗಾರರ ಸಾಲಿನ್ಯಾಗ ಬ್ಯಾಡ. ನಾಕ ಮಂದಿ ಮುಂದ ಹೇಳು. ಹೇಳಿದ ಮ್ಯಾಲ ಈ ಹೊಸ್ತಿಲ ತುಳೀಬ್ಯಾಡ."

ಮರುದಿನ ಹೆಗಲಿಗೆ ಬಟ್ಟೆ ಕಟ್ಟಿಕೊಂಡು ಕಟಕಟೆಯಲ್ಲಿ ನಿಂತೆ. ಮಾಣಿಕಪ್ಪನ ವಕೀಲ, ಸತ್ತವನು ಬೇಕಂತಲೇ ಹೆಸರು ತೆಗೆದ ಎಂದು ಎತ್ತಿ ಎತ್ತಿ ಆಡಿದ. ನಾನು ಪೆನ್ ಡ್ರೈವ್ ಕೊಟ್ಟೆ. ಜಡ್ಜರ ಎದುರಿನ ಕಂಪ್ಯೂಟರಿನಲ್ಲೇ ಪಟ್ಟಿ ತೆರೆದು, ಬಾರು ಎಳೆದು ತೋರಿಸಿದೆ, ಗಾಲಿ ತಿರುಗಿಸಿ ತೋರಿಸಿದೆ. "ಹೆಸರು ಯಾರೂ ತೆಗೆದಿಲ್ಲ. ನಮ್ಮ ಕಾಕಾಗೆ ಅದು ಕಾಣಲಿಲ್ಲ. ಕಾಣದ ಹಾಗೆ ಮಾಡಿದ್ದು ನಾನು. ಅವರು ಫೋನ್ ಮಾಡಿ ಕೇಳಿದರು, ನಾನು ಬೈದು ಇಟ್ಟೆ" ಎಂದೆ. ಆಗ ಪೊಲೀಸರ ನಡುವೆ ನಿಂತಿದ್ದ ಮಾಣಿಕಪ್ಪ ಹುಚ್ಚನ ಹಾಗೆ ಕೂಗಿಕೊಂಡ. "ನಾ ಅಂದಿದ್ದೆನ್ರಿ! ಕೆಳಗ ಇರಬೇಕ್ರಿ, ಇನ್ನೊಮ್ಮಿ ನೋಡ್ರಿ ಅಂತ ಕಾಲ ಹಿಡದಿದ್ದೆ! ಅವರು 'ನನ್ನ ಮಗಳು ಬರದಾಳಪಾ, ಅದು ತಪ್ಪಂಗಿಲ್ಲ' ಅಂದ್ರು! ಅದಕ್ಕೇ ನನ್ನ ತಲಿ ಕೆಟ್ಟತ್ರಿ!" ಅವನ ಸುಟ್ಟ ಅಂಗೈಗಳು ಎದುರಿನ ಕಟಕಟೆಯ ಮೇಲೆ ಬಡಿಯುತ್ತಿದ್ದವು.

ನನ್ನ ಮಗಳು. ಅಣ್ಣನ ಮಗಳು ಎನ್ನಲಿಲ್ಲವಲ್ಲ ನೀವು. ಇಷ್ಟು ದೊಡ್ಡ ಮಾತನ್ನು ಬದುಕಿದ್ದಾಗ ನನ್ನ ಎದುರು ಒಮ್ಮೆಯೂ ಆಡದೆ, ಕೊಯ್ತಾ ಹಿಡಿದವನ ಎದುರು ಹೋಗಿ ಆಡಿದಿರಲ್ಲ ಕಾಕಾ. ನನ್ನ ಮೇಲಿನ ನಂಬಿಕೆಯಿಂದಲೇ ಸತ್ತಿರಿ. ಅವನಿಗೆ ಶಿಕ್ಷೆಯಾಯಿತು. ಶಿವು ಹೇಳಿದ ಹಾಗೆ ಸ್ವಲ್ಪ ಕಡಿಮೆಯೇ ಆಯಿತು. ನಿಮ್ಮ ಹೆಸರಿಗೆ ಹತ್ತಿದ್ದ ಮಸಿ ಹೋಯಿತು. ಘಾಟಬೋರಾಳದ ಹಿರಿಯರು ಇಬ್ಬರು ಬಂದು ನಿಮ್ಮ ಸಮಾಧಿಯ ಗದ್ದುಗೆಗೆ ಕಾಯಿ ಒಡೆದು ಹೋದರು ಎಂದು ಕೇಳಿದೆ. ನಾನು ನೋಡಲಿಲ್ಲ. ಮೋರಖಂಡಿಯ ಹೊಸ್ತಿಲು ತುಳಿದಿಲ್ಲ.

ಇನ್ನೊಂದು ಸುದ್ದಿ ಇದೆ, ಅದಕ್ಕೇ ಈ ಕಾಗದ. ಕೊಲೆಯಾದ ಕೋಣೆಯಲ್ಲಿ ಕೂಡಲು ಯಾರೂ ಒಪ್ಪಲಿಲ್ಲ. ಈ ಹಂಗಾಮಿಗೆ ನಾನೇ ಹೋಗಿ ಮಾಲೀಕರನ್ನು ಕೇಳಿದೆ. ಈಗ ನಿಮ್ಮ ಕುರ್ಚಿಯಲ್ಲಿ ಕೂಡುವವಳು ನಾನು. ಗೋಡೆಗೆ ಸುಣ್ಣ ಬಳಿದಿದ್ದಾರೆ, ಆದರೂ ಬಾಗಿಲ ಚೌಕಟ್ಟಿನಲ್ಲಿ ಕೊಯ್ತಾದ ಒಂದು ಕಚ್ಚು ಉಳಿದಿದೆ. ಪ್ರೋಗ್ರಾಮಿನಲ್ಲಿ ಬಿಟ್ಟಿದ್ದ ಆ ಒಂದು ಸಾಲು ಬರೆದಿದ್ದೇನೆ. ಪಟ್ಟಿಯ ಅಡಿಯಲ್ಲಿ "ಒಟ್ಟು ಇಷ್ಟು ಹೆಸರು" ಎಂದೂ ಕಾಣುವ ಹಾಗೆ ಮಾಡಿದ್ದೇನೆ. ಟ್ರಂಕಿನ ಬೀಗ ತೆಗೆದು ವಹಿಯನ್ನೂ ಹೊರಗಿಟ್ಟುಕೊಂಡಿದ್ದೇನೆ. ಪ್ರತಿ ಸೋಮವಾರ ಎರಡನ್ನೂ ತಾಳೆ ನೋಡಿ ಗಟ್ಟಿಯಾಗಿ ಓದುತ್ತೇನೆ, ಊರು ಮೊದಲು, ಹೆಸರು ಆಮೇಲೆ.

ನಿನ್ನೆ ಕಾಶೀಬಾಯಿ ಕಿಟಕಿಗೆ ಬಂದಳು. ಸುಟ್ಟ ಹೊಲದ ಬುಡದಿಂದ ಎದ್ದ ಕೂಳೆ ಕಬ್ಬನ್ನು ಒಬ್ಬಳೇ ಬೆಳೆದಿದ್ದಾಳೆ. ಸಾಲಿನಲ್ಲಿದ್ದವರೆಲ್ಲ ಸರಿದು ದಾರಿ ಬಿಟ್ಟರು. ಕಿವಿಯ ಹತ್ತಿರ ನನ್ನ ಬಳೆಯ ಗುರುತು ಹಾಗೇ ಇತ್ತು. "ನಮ್ಮ ಪಾಳಿ ಅದ ಏನು?" ಎಂದಳು. ಇದೆ ಎಂದು ಹೇಳಿ ಚೀಟಿ ಕೊಟ್ಟುಬಿಡಬಹುದಿತ್ತು. ಆದರೆ ಎದ್ದು ಬಾಗಿಲು ತೆರೆದು, "ಒಳಗ ಬರ್ರಿ, ನೀವೇ ನೋಡ್ರಿ" ಎಂದೆ. ಅವಳಿಗೆ ಓದು ಬಾರದು. ನಿಮ್ಮ ಕುರ್ಚಿಯಲ್ಲಿ ಕೂಡಿಸಿ ಮೌಸನ್ನು ಅವಳ ಕೈಗೆ ಕೊಟ್ಟು, ಬಾರನ್ನು ಹಿಡಿದು ಕೆಳಗೆ ಎಳೆಯಲು ಹೇಳಿದೆ. ಅವಳು ಎಳೆದಂತೆ ಹೆಸರುಗಳು ಮೇಲೆ ಸರಿಯುತ್ತ ಹೋದವು, ನಾನು ಒಂದೊಂದನ್ನೇ ಓದುತ್ತ ಹೋದೆ. ಇಪ್ಪತ್ತೆಂಟನೆಯದಕ್ಕೆ ಬೆರಳಿಟ್ಟು ತೋರಿಸಿದೆ. "ಘಾಟಬೋರಾಳ, ಮಾಣಿಕಪ್ಪ. ಇದು ನಿಮ್ದುರಿ."

ಅವಳ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಬಾರನ್ನು ಒಮ್ಮೆ ಮೇಲೆ ಎಳೆದಳು, ಒಮ್ಮೆ ಕೆಳಗೆ ಎಳೆದಳು.

"ಇಷ್ಟೇ ಏನು?" ಎಂದಳು. "ಇದು ಇಷ್ಟು ಸರದಿದ್ರ ನನ್ನ ಗಂಡ... ನಿಮ್ಮ ಕಾಕಾ..."

"ಇಷ್ಟೇರಿ" ಎಂದೆ.

ಎದ್ದು ನಿಂತು ನನ್ನ ಕೆನ್ನೆಗೆ ಹೊಡೆದಳು ಕಾಕಾ. ಕಿಟಕಿಯ ಹೊರಗಿನವರೆಲ್ಲ ಹೌಹಾರಿದರು, ಯಾರೋ ಬಾಗಿಲ ತನಕ ಓಡಿಬಂದ. ಬರಬ್ಯಾಡ ಎಂದು ಕೈ ಮಾಡಿದೆ. ಕಣ್ಣು ಕತ್ತಲಿಟ್ಟು ಮೇಜು ಹಿಡಿದುಕೊಂಡೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಚೀಟಿ ಬರಿ ಇನ್ನ" ಎಂದಳು. "ಟೋಳಿ ಕಾಯಾಕತ್ತದ."

ಕೈಯಿಂದಲೇ ಬರೆದುಕೊಟ್ಟೆ. ನಾಳೆ ಅವಳ ಪಾಳಿ. ಗೇಟಿನಲ್ಲಿ ನಾನೇ ನಿಂತಿರುತ್ತೇನೆ. ಗಾಡಿ ಪೂರಾ ಒಳಗೆ ಬಂದ ಮೇಲೆಯೇ ಆ ಹೆಸರಿಗೆ ಗೆರೆ ಹೊಡೆಯುತ್ತೇನೆ.

ನಿಮ್ಮ ಮಗಳು,
ಸುವರ್ಣಾ